ಮರಿ ದಿಬ್ಬ

ಆ ಸಂಶೋಧನಾ ಸಂಸ್ಥೆಯಲ್ಲಿ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಮಂಡಿ ಮೇಡಂ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಬಾಗಿಲ ಫಲಕದ ಮೇಲಿತ್ತು, ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬರುವ ನೀಲಿ ಡಬ್ಬಿಯನ್ನು ಗೇಟಿನ ಬಳಿ ತಾನೇ ಇಸಿದುಕೊಂಡು, ಎದೆಗವಚಿಕೊಂಡು ಲಿಫ್ಟಿಗೆ ಬರುತ್ತಿದ್ದಳು. ಡಬ್ಬಿಯೊಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಸಣ್ಣ ಸಣ್ಣ ಸೀಸೆಗಳು, ಸೀಸೆಗಳಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಂಡಿಯ ಚೂರುಗಳು.

"ಮೇಡಂ, ಇವತ್ತು ಡಬ್ಬೀಲಿ ಯಾರಿದಾರೆ?" ಎಂದು ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದೇ ಕೇಳುತ್ತಿದ್ದ.

"ಯಾರೋ ಅಜ್ಜಿ. ಪಾಪ, ಮೆಟ್ಟಿಲು ಹತ್ತೋಕಾಗ್ತಿರಲಿಲ್ಲವಂತೆ. ಈಗ ನೋಡಿ, ಲಿಫ್ಟಲ್ಲಿ ಹೋಗ್ತಿದಾರೆ."

ಹೀಗೆ ನಗಿಸುತ್ತಿದ್ದವಳಿಗೆ ರಕ್ತ ಕಂಡರೆ ಮಾತ್ರ ತಲೆ ಸುತ್ತು. ಓದುವ ಕಾಲದಲ್ಲಿ ಒಮ್ಮೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ನಿಂತು, ಗರಗಸ ಮೂಳೆಗೆ ತಾಗಿದ ಸದ್ದು ಕೇಳಿದ್ದೇ ತಡ, ಗೋಡೆ ಹಿಡಿದು ಕುಸಿದಿದ್ದಳು. ಅಂದಿನಿಂದ ಅದರೊಳಗೆ ಕಾಲಿಟ್ಟಿರಲಿಲ್ಲ. ಬದುಕೆಲ್ಲ ಮೂಳೆಯ ಜೊತೆ ಕಳೆದರೂ, ಮೂಳೆ ದೇಹದಿಂದ ಹೊರಬರುವುದನ್ನು ಅವಳು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಇದೊಂದು ಸಣ್ಣ ದೌರ್ಬಲ್ಯ ಎಂದು ಅವಳೂ ಅಂದುಕೊಂಡಿದ್ದಳು, ಉಳಿದವರೂ ಅಂದುಕೊಂಡಿದ್ದರು.

ಅವಳನ್ನು ಸಾಕಿದ್ದು ಅಕ್ಕ. ತಾಯಿ ತೀರಿಕೊಂಡಾಗ ಅಕ್ಕನಿಗೆ ಇನ್ನೂ ತನಗೇ ಮೀಸಲಾಗಿ ಒಂದು ಬಾಚಣಿಗೆ ಬೇಕು ಎಂದು ಹಟ ಮಾಡುವ ವಯಸ್ಸು, ತಂಗಿಗೆ ಹಾಲುಹಲ್ಲು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತವಳು ಏಳಲಿಲ್ಲ. ಕಾಲಲ್ಲಿ ತುಳಿಯುವ ಯಂತ್ರ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಹೊದಿಕೆ, ಯಾರದೋ ಮದುವೆಯ ಲಂಗ, ಯಾರದೋ ಸೊಂಟಕ್ಕೆ ಬಿಗಿಯಾದ ಪ್ಯಾಂಟು, ಎಲ್ಲವೂ ಆ ಎರಡು ಕಾಲುಗಳ ಮೇಲೆ ಸಾಗಿದವು. ತಂಗಿ ಯಂತ್ರದ ಪಕ್ಕದಲ್ಲೇ ಓದುತ್ತಿದ್ದಳು. ಆ ಟಕಟಕ ನಿಂತರೆ ತಲೆಗೆ ಅಕ್ಷರವೂ ಹತ್ತುತ್ತಿರಲಿಲ್ಲ.

"ಪುಟ್ಟಿ, ನೀನು ತಲೆ ಓಡಿಸು, ನಾನು ಕಾಲು ಓಡಿಸ್ತೀನಿ. ಎಲ್ಲಿಗಾದ್ರೂ ಹೋಗಿ ಮುಟ್ಟೋಣ," ಎನ್ನುತ್ತಿದ್ದಳು ಅಕ್ಕ.

ಪುಟ್ಟಿ ಮುಟ್ಟಿದಳು. ರಸಾಯನಶಾಸ್ತ್ರ ಓದಿ, ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಮುಂದೆ ಕೂತಳು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಅದರೊಳಗಿನ ಪ್ರತಿಯೊಂದು ಪದಾರ್ಥವೂ ತನಗೆ ಬೇಕಾದ ಪಾಲನ್ನು ಹೀರಿಕೊಳ್ಳುತ್ತದೆ. ಯಾವ ಪಾಲು ಹೋಯಿತು ಎಂಬುದನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ. ಗೆರೆಯಲ್ಲಿ ದಿಬ್ಬಗಳೇಳುತ್ತವೆ. ಈ ದಿಬ್ಬ ಸುಣ್ಣದ್ದು, ಇದು ಪ್ರೋಟೀನಿನದು ಎಂದು ಬಲ್ಲವರು ಓದುತ್ತಾರೆ. ಅವಳು ಓದುತ್ತಿದ್ದದ್ದು ಮೂಳೆಯನ್ನು ಮತ್ತು ಮೂಳೆಯ ತುದಿಗೆ ಮೆತ್ತಿದಂತಿರುವ ಮೃದ್ವಸ್ಥಿಯನ್ನು. ಮಂಡಿ ಸದ್ದಿಲ್ಲದೆ ಮಡಿಚಿಕೊಳ್ಳುವುದು ಆ ನುಣುಪಾದ, ಮುತ್ತಿನ ಬಣ್ಣದ ಪದರದ ದಯೆಯಿಂದ. ಅದು ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಸವೆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಸವೆಯುವ ಮುಂಚೆ ಗೊತ್ತಾಗಬೇಕು ಎಂಬುದೇ ಅವಳ ಜೀವಮಾನದ ಹಂಬಲವಾಯಿತು.

ಕೆಲಸ ಸೂಕ್ಷ್ಮದ್ದು. ಹೆಪ್ಪುಗಟ್ಟಿಸಿದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಪಾರದರ್ಶಕ ಬಿಲ್ಲೆಯ ಮೇಲೆ ಹರಡಿ, ಬೆಳಕಿಗಿಡಬೇಕು. ಹತ್ತಿರ ಯಾರಾದರೂ ಉಸಿರು ಬಿಟ್ಟರೆ ಆ ಉಸಿರಿನ ತೇವವೂ ಗೆರೆಯಲ್ಲಿ ಮೂಡುತ್ತದೆ. ಹಾಗಾಗಿ ಯಂತ್ರದ ಮುಚ್ಚಳ ತೆರೆಯುವಾಗ ಉಸಿರು ಬಿಗಿಹಿಡಿಯುವುದು ಅವಳಿಗೆ ರೂಢಿಯಾಗಿತ್ತು. ಆ ರೂಢಿ ಮನೆಯವರೆಗೂ ಬಂದಿತ್ತು. ಯಾವುದಾದರೂ ಸುದ್ದಿಗಾಗಿ ಕಾಯುವಾಗ, ಯಾರಾದರೂ ಬಾಗಿಲು ತಟ್ಟಿದಾಗ, ತನಗರಿವಿಲ್ಲದೆ ಉಸಿರು ಹಿಡಿಯುತ್ತಿದ್ದಳು.

ಒಂದು ದಿನ ಪ್ರೋಟೀನಿನ ದೊಡ್ಡ ದಿಬ್ಬದ ಹೆಗಲ ಮೇಲೆ ಒಂದು ಪುಟ್ಟ ಉಬ್ಬು ಕಂಡಿತು. ಆರೋಗ್ಯವಂತರ ದೇಹದಾನದಿಂದ ಬಂದ ಮಂಡಿಗಳಲ್ಲಿ ಅದು ಇರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಬಂದ ಮಂಡಿಗಳಲ್ಲಿ ಇತ್ತು. ಸವೆತ ಹೆಚ್ಚಾದಷ್ಟೂ ಉಬ್ಬು ಹೆಚ್ಚು. ಒಂದೇ ಮಂಡಿಯಲ್ಲಿ ಹಾಳಾದ ಭಾಗಕ್ಕೆ ದೊಡ್ಡದು, ನೋಡಲು ಚೆನ್ನಾಗಿಯೇ ಇರುವ ಭಾಗಕ್ಕೆ ಚಿಕ್ಕದು. ಹಾಗಾದರೆ ಇದು ಕಣ್ಣಿಗೆ ಕಾಣುವ ಮುಂಚೆಯೇ ಬರುವ ಕೇಡಿನ ಗುರುತು! ಅವಳು ಆ ಗೆರೆಯ ಹಾಳೆಯನ್ನು ಮನೆಗೆ ಒಯ್ದು ಅಕ್ಕನ ಮುಂದೆ ಹಿಡಿದಳು.

ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. "ಇದೇನೇ ಇದು, ತಾಯಿ ಬೆನ್ನಿಗೆ ಮರಿ ಅಂಟ್ಕೊಂಡ ಹಾಗಿದೆ!"

ಅಂದಿನಿಂದ ಅದಕ್ಕೆ ಮರಿ ಎಂದೇ ಹೆಸರಾಯಿತು. ಪ್ರಯೋಗಾಲಯದಲ್ಲೂ ಮರಿ, ಮನೆಯಲ್ಲೂ ಮರಿ. ಸಂಜೆ ಬಾಗಿಲು ತೆರೆಯುವಾಗ ಅಕ್ಕ ಕೇಳುತ್ತಿದ್ದ ಮೊದಲ ಮಾತು, "ಮರಿ ಬಂತಾ?" ಪ್ರಬಂಧಗಳು ಅಚ್ಚಾದವು. ಬೇರೆ ಕಡೆಯವರು ಚೂರುಗಳನ್ನು ಕೇಳಿದರು. ಅವಳು ತನ್ನ ಡಬ್ಬಿಯಿಂದಲೇ ಕಳಿಸಿದಳು. ಅವರ ಯಂತ್ರದಲ್ಲೂ ಮರಿ ಕಂಡಿತು. ಇನ್ನೇನು ಬೇಕು?

ಅಷ್ಟರಲ್ಲಿ ತುಳಿದು ತುಳಿದು ಅಕ್ಕನ ಮಂಡಿಗಳು ಸೋತಿದ್ದವು. ಮೆಟ್ಟಿಲಿನ ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದಳು. "ಏಡಿ ಬಂತು, ದಾರಿ ಬಿಡಿ," ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ತಂಗಿಗೆ ಚೂರುಗಳನ್ನು ಕಳಿಸುತ್ತಿದ್ದ ಮೂಳೆ ವೈದ್ಯರೇ ಅಕ್ಕನನ್ನೂ ನೋಡಿದರು. ಮೊದಲು ಸಣ್ಣ ರಂಧ್ರ ಮಾಡಿ ಮಂಡಿಯೊಳಗೆ ತೊಳೆದು ನೋಡೋಣ ಎಂದರು. ಆಗ ತೆಗೆಯುವ ಚೂರು ತನಗೆ ಬೇಕು ಎಂದಳು ತಂಗಿ.

ಅದು ಅಕ್ಕನ ಮಂಡಿ. ಬೇರೆಯವರ ಚೂರಿನ ಹಾಗೆ ಡಬ್ಬಿಯಲ್ಲಿ ಬರಲಿ ಎಂದು ಕೂರಲು ಮನಸ್ಸು ಬರಲಿಲ್ಲ. ತಾನೇ ತಯಾರಿಸಿದ ಉಪ್ಪುನೀರನ್ನು ಹೊಸ ಸೀಸೆಗೆ ತುಂಬಿ, ಅದನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲ ಸಂದಿಯಿಂದ ಒಳಗೆ ಕೊಟ್ಟು, ಮುಖ ಗೋಡೆ ಕಡೆ ತಿರುಗಿಸಿ ನಿಂತಳು. "ತೆಗೆದ ತಕ್ಷಣ ಇದರಲ್ಲೇ ಹಾಕಿ, ಎಲ್ಲೂ ಇಡಬೇಡಿ," ಎಂದು ಎರಡೆರಡು ಸಲ ಹೇಳಿದಳು. ಅವರು ಹಾಗೆಯೇ ಮಾಡಿದರು. ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಪ್ರಯೋಗಾಲಯಕ್ಕೆ ಓಡಿದಳು.

ಯಂತ್ರ ಗೆರೆ ಬರೆಯಿತು. ದೊಡ್ಡ ದಿಬ್ಬ ನುಣ್ಣಗಿತ್ತು. ಮರಿ ಇರಲಿಲ್ಲ.

ಅವಳು ದೇವರಿಗೆ ಕೈ ಮುಗಿದಳು. ಇಷ್ಟು ವರ್ಷದ ದುಡಿಮೆಯ ಫಲ ಇದೊಂದೇ ಆದರೂ ಸಾಕು ಎನಿಸಿತು.

ವೈದ್ಯರು ಮಾತ್ರ ಅಡ್ಡಡ್ಡ ತಲೆ ಆಡಿಸಿದ್ದರು. "ನನ್ನ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲಮ್ಮ. ಮಂಡಿ ಬದಲಾಯಿಸಿಬಿಡೋಣ. ಈಗ ದೇಹ ತಡ್ಕೊಳ್ಳುತ್ತೆ."

"ಬೇಡ ಅಕ್ಕ," ಎಂದಿದ್ದಳು ತಂಗಿ. "ಕಣ್ಣಿಗೆ ಕಾಣೋದು ಬೇರೆ. ಒಳಗೆ ನಿನ್ನದು ಇನ್ನೂ ಗಟ್ಟಿಯಾಗಿದೆ. ವ್ಯಾಯಾಮ ಮಾಡು, ಯಂತ್ರ ತುಳಿಯೋದು ನಿಲ್ಲಿಸು, ಕಾಯೋಣ."

ಅಕ್ಕ ಕಾದಳು. ನೋವು ಹೆಚ್ಚಾದಾಗ, ನೋವಿನ ಮೇಲೇ ರೇಗುತ್ತಿದ್ದಳು: "ಒಳಗೆ ಗಟ್ಟಿಯಾಗಿದೆ ಅಂತ ಇವಳು ಹೇಳಿಲ್ವಾ, ಸುಮ್ನಿರು ನೀನು." ಕಾಯುತ್ತಾ ಕಾಯುತ್ತಾ ಮಂಡಿ ಬಾಗಿ ಬಿಲ್ಲಾಯಿತು. ಓಡಾಟ ನಿಂತಿತು, ಮೈ ಊದಿತು, ಕೊನೆಗೊಂದು ದಿನ ಎದೆ ಹಿಡಿದುಕೊಂಡು ಕುಸಿದಳು. ಜೀವ ಉಳಿಯಿತು. ಆದರೆ ಈ ಹೃದಯಕ್ಕೆ ಇನ್ನು ಅರಿವಳಿಕೆ ಕೊಡಲಾಗದು, ಮಂಡಿಯ ಮಾತು ಬಿಟ್ಟುಬಿಡಿ ಎಂದರು. ಮಹಡಿಯ ಮೇಲಿನ ಕೋಣೆಯ ಕಿಟಕಿಯ ಪಕ್ಕದ ಕುರ್ಚಿ ಅಕ್ಕನ ಲೋಕವಾಯಿತು. ಕೆಳಗಿನ ಚಪ್ಪಲಿ ಅಂಗಡಿಗೆ ಬರುವವರ ಕಾಲುಗಳನ್ನು ನೋಡುತ್ತಾ, ಕೈಯಲ್ಲಿ ಗುಂಡಿ ಹೊಲಿಯುತ್ತಾ ಕೂರುತ್ತಿದ್ದಳು. ತಂಗಿಗೆ ಸಂಕಟವಾಗುತ್ತಿತ್ತು. ಆದರೆ ಗೆರೆ ಸುಳ್ಳು ಹೇಳಿಲ್ಲ, ಆಮೇಲೆ ಏನೋ ಬೇಗ ಕೆಟ್ಟಿತು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಶಿಷ್ಯೆ ಮುಖ ಇಳಿಬಿಟ್ಟುಕೊಂಡು ಬಂದಳು. ಡಾಕ್ಟರೇಟಿಗಾಗಿ ಮರಿಯ ಮೇಲೆಯೇ ಸಂಶೋಧನೆ ನಡೆಸುತ್ತಿದ್ದ ಹುಡುಗಿ. ಬಾಯಿ ಬಿಟ್ಟರೆ ನಿಲ್ಲಿಸದ ಕಾರಣ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು.

"ಮೇಡಂ, ಮರಿ ಕಾಣೆಯಾಗಿದೆ."

"ಕಾಣೆಯಾಗೋಕೆ ಅದೇನು ಬೆಕ್ಕಾ?"

"ನಿಜ ಮೇಡಂ. ಹೊಸದಾಗಿ ಬಂದಿರೋ ಯಾವ ಮಂಡೀಲೂ ಇಲ್ಲ. ಪೂರ್ತಿ ಸವೆದು ಹೋಗಿರೋದ್ರಲ್ಲೂ ಇಲ್ಲ. ಯಂತ್ರ ಕೆಟ್ಟಿದೆ."

ಕನ್ನಡಿ ಒರೆಸಿದರು, ದೀಪ ಬದಲಾಯಿಸಿದರು, ಯಂತ್ರದವನನ್ನು ಕರೆಸಿದರು. ಯಂತ್ರ ಸರಿಯಾಗಿಯೇ ಇತ್ತು. ಶೀತಪೆಟ್ಟಿಗೆಯ ಹಳೆಯ ಚೂರು ತೆಗೆದು ಇಟ್ಟರೆ ಮರಿ ಎಂದಿನಂತೆ ಎದ್ದು ಕೂತಿತು. ಹೊಸ ಚೂರಿಗೆ ಇಲ್ಲ. ಹೊಸವೆಲ್ಲ ಆಸ್ಪತ್ರೆಯ ಹೊಸ ಕಟ್ಟಡದಿಂದ ಬಂದವು ಎಂಬುದು ಡಬ್ಬಿಗಳ ಚೀಟಿಗಳನ್ನು ಜೋಡಿಸಿದಾಗ ಕಂಡಿತು. ಕಟ್ಟಡ ಬದಲಾದರೆ ಕಾಯಿಲೆಯ ಗುರುತು ಬದಲಾಗುವುದುಂಟೆ?

ಅಂದು ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಸಿರು ನಿಲುವಂಗಿ ತೊಟ್ಟು, ಹಳೆಯ ಕಟ್ಟಡದ ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಹೋದಳು. ಮೂಳೆ ವೈದ್ಯರಿಗೆ ನಗು. "ಏನಮ್ಮ, ಸೂರ್ಯ ಯಾವ ಕಡೆ ಹುಟ್ಟಿದ? ಬಿದ್ದರೆ ನಮ್ಮ ಕಡೆ ಬೀಳಬೇಡಿ." ಅವಳು ಗೋಡೆಗೊರಗಿ, ಬೆರಳುಗಳನ್ನು ಅಂಗೈಗೆ ಒತ್ತಿ ಹಿಡಿದು ನಿಂತಳು. ಗರಗಸ ಸದ್ದು ಮಾಡಿತು. ಅವಳು ಬೀಳಲಿಲ್ಲ. ವೈದ್ಯರು ಚೂರನ್ನು ಇಕ್ಕಳದಲ್ಲಿ ಎತ್ತಿದರು. ಅದು ಟಪ್ ಎಂದು ಪಕ್ಕದ ಉಕ್ಕಿನ ಬೋಗುಣಿಗೆ ಬಿತ್ತು. ಬೋಗುಣಿಯಲ್ಲಿ ನೀರಿನಂತೆ ತಿಳಿಯಾದ ಏನೋ ಇತ್ತು.

"ಅದು ಉಪ್ಪುನೀರಲ್ವಾ ಡಾಕ್ಟ್ರೇ?"

"ಉಪ್ಪುನೀರಿನ ಸೀಸೆಗೆ ಆಮೇಲೆ ಹಾಕೋದು. ಇದು ಕ್ರಿಮಿ ಸಾಯಿಸೋ ಔಷಧಿ. ಎಲ್ಲ ಮುಗಿಯೋವರೆಗೂ ಇದರಲ್ಲೇ ಇರುತ್ತೆ."

"ಯಾವಾಗಿಂದ?"

"ಮೊದಲಿನಿಂದಲೂ. ರೋಗಿಗಳ ಸೋಂಕು ನಿಮಗೆ, ನಿಮ್ಮ ಹುಡುಗೀರಿಗೆ ತಗಲಬಾರದಲ್ಲ. ನಿಮಗೋಸ್ಕರವೇ ಮಾಡ್ತಿರೋದಮ್ಮ. ಹೊಸ ಕಟ್ಟಡದವರಿಗೆ ಇಷ್ಟೆಲ್ಲ ಪುರುಸೊತ್ತೆಲ್ಲಿ?"

ಉಪ್ಪುನೀರಲ್ಲೇ ತಾನೇ ಕಳಿಸೋದು ಎಂದು ಅವಳು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಳು. ಹೌದು ಎಂದಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೂ ಮುಂಚೆ ಎಲ್ಲಿತ್ತು ಎಂದು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಬಂದು ನೋಡುವ ಧೈರ್ಯವಿದ್ದಿದ್ದರೆ ಕೇಳುವ ಅಗತ್ಯವೂ ಇರುತ್ತಿರಲಿಲ್ಲ.

ಕಟುಕರ ಅಂಗಡಿಯಿಂದ ಕುರಿಯ ಮಂಡಿ ತರಿಸಿದಳು. ಎಳೆಯ ಕುರಿ, ಕಾಯಿಲೆ ಎಂಬುದೇ ಇಲ್ಲದ ಮಂಡಿ. ಎರಡು ಚೂರು ಮಾಡಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಮೈಯನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿದಳು. ಎರಡನ್ನೂ ಆ ಔಷಧಿಯಲ್ಲಿ ಅದ್ದಿ ತೆಗೆದು, ಎಂದಿನಂತೆ ತೊಳೆದು, ಕೊಯ್ದು, ಬೆಳಕಿಗಿಟ್ಟಳು. ಉಸಿರು ಹಿಡಿದು ಕೂತಾಗ ಪ್ರಾರ್ಥಿಸಬೇಕೆನಿಸಿತು. ಆದರೆ ಏನೆಂದು ಬೇಡುವುದು? ದಿಬ್ಬ ಏಳದಿರಲಿ ಎಂದೋ, ಏನಿದ್ದರೂ ನಿಜ ತಿಳಿಯಲಿ ಎಂದೋ? ಬೇಡಿಕೆ ತುಟಿಯವರೆಗೂ ಬರುವ ಮುಂಚೆ ಗೆರೆ ಮುಗಿದಿತ್ತು.

ನುಣುಪಾದ ಚೂರಿಗೆ ಪುಟ್ಟ ಮರಿ. ಒರಟಾದ ಚೂರಿಗೆ ಕೊಬ್ಬಿದ ಮರಿ.

ಗಿಣಿ ಹಿಂದೆ ನಿಂತು ನೋಡುತ್ತಿದ್ದಳು. ಸವೆದ ಮೃದ್ವಸ್ಥಿ ಔಷಧಿಯನ್ನು ಹೆಚ್ಚು ಕುಡಿಯುತ್ತದೆ, ಗಟ್ಟಿಯಾದದ್ದು ಕಡಿಮೆ. ದೇಹದಾನದ ಮಂಡಿಗಳಿಗೆ ಔಷಧಿಯನ್ನೇ ಮುಟ್ಟಿಸುತ್ತಿರಲಿಲ್ಲ. ಅಷ್ಟೇ. ಮರಿ ಕಾಯಿಲೆಯ ಕೂಸಲ್ಲ, ಬೋಗುಣಿಯ ಕೂಸು. ಯಾರೂ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಎಂದೂ ಬಾಯಿ ಮುಚ್ಚದ ಹುಡುಗಿ, "ಮೇಡಂ, ಹಾಗಾದ್ರೆ ನನ್ನ ಡಾಕ್ಟರೇಟು?" ಎಂದಷ್ಟೇ ಕೇಳಿದಳು.

ಮೇಡಂ ಕಣ್ಣ ಮುಂದೆ ಬೇರೊಂದು ಗೆರೆ ಬಂದಿತ್ತು. ನುಣ್ಣನೆಯ ದೊಡ್ಡ ದಿಬ್ಬ, ಮರಿಯಿಲ್ಲದ್ದು. ಬಾಗಿಲ ಸಂದಿಯಿಂದ ತಾನು ಕೊಟ್ಟ ಹೊಸ ಸೀಸೆ. ಎಲ್ಲೂ ಇಡಬೇಡಿ ಎಂದದ್ದು. ಹಳೆಯ ಕಟ್ಟಡದ ಅಷ್ಟೂ ವರ್ಷಗಳಲ್ಲಿ ಬೋಗುಣಿಗೆ ಬೀಳದೆ ತಪ್ಪಿಸಿಕೊಂಡ ಮಂಡಿ ಒಂದೇ. ತನ್ನ ಅಕ್ಕನದೆಂಬ ಕಾರಣಕ್ಕೆ ತಾನೇ ಕಾದು ನಿಂತು ತಪ್ಪಿಸಿದ್ದು. ಬೇರೆ ಯಾರದೋ ಚೂರಿನಂತೆ ಅಸಡ್ಡೆಯಿಂದ ಬಿಟ್ಟಿದ್ದರೆ ಅದರಲ್ಲಿ ಮರಿ ಕೊಬ್ಬಿ ಕಾಣುತ್ತಿತ್ತು, ಸುಳ್ಳು ಗುರುತೇ ನಿಜ ಹೇಳುತ್ತಿತ್ತು, ಅಕ್ಕ ಇಂದು ರಸ್ತೆಯಲ್ಲಿ ನಡೆಯುತ್ತಿದ್ದಳು. ಪ್ರೀತಿ ಅಡ್ಡ ಬಂತು.

ಮೂಳೆ ವೈದ್ಯರು ಅವಳನ್ನು ಕೂರಿಸಿ ನೀರು ಕೊಟ್ಟರು. "ಇಷ್ಟು ದಿನ ಯಾರೂ ಕೇಳಿಲ್ಲ, ಇನ್ನು ಮುಂದೆ ಯಾರು ಕೇಳ್ತಾರೆ? ನಿವೃತ್ತಿಗೆ ಹತ್ತಿರ ಇದೀರಿ. ಮೆಲ್ಲಗೆ ಬೇರೆ ವಿಷಯಕ್ಕೆ ಹೋಗಿಬಿಡಿ."

"ಎಲ್ಲೋ ಯಾರೋ ನನ್ನ ಗೆರೆ ನೋಡಿ ಇನ್ನೊಬ್ಬರಿಗೆ ಕಾಯಿರಿ ಅಂತ ಹೇಳಿದ್ರೆ?"



ಪ್ರಬಂಧಗಳನ್ನೆಲ್ಲ ಹಿಂತೆಗೆದುಕೊಳ್ಳುವುದಾಗಿ ಬರೆದಳು. ಕಾರಣವನ್ನೂ ಬಿಡಿಸಿ ಬರೆದಳು. ಪ್ರಶಂಸೆಯ ಮಾತೇನೋ ಒಂದೆರಡು ಬಂದವು. ಅದಕ್ಕಿಂತ ಹೆಚ್ಚಾಗಿ ಮೌನ ಬಂತು. ಸಭೆಗಳಿಗೆ ಕರೆಯುವುದನ್ನು ನಿಲ್ಲಿಸಿದರು. ಗಿಣಿ ಬೇರೆ ಮಾರ್ಗದರ್ಶಕರ ಬಳಿ ಮೊದಲಿನಿಂದ ಶುರು ಮಾಡಲು ಹೋದಳು. ಹೋಗುವಾಗ ಜಗಳವಾಡಿದ್ದರೆ ಒಳ್ಳೆಯದಿತ್ತು, ಆಡಲಿಲ್ಲ. ತನ್ನ ಬಿಲ್ಲೆಗಳನ್ನು ಒರೆಸಿ, ಜೋಡಿಸಿ ಇಟ್ಟು ಹೋದಳು. ನೀಲಿ ಡಬ್ಬಿ ಬರುವುದು ನಿಂತಿತು. ಕಾವಲುಗಾರ ತಮಾಷೆಗೆ ಬಾಯಿ ತೆರೆದು, ಅವಳ ಬರಿಗೈ ಕಂಡು ಮುಚ್ಚುತ್ತಿದ್ದ.

ಅಕ್ಕನಿಗೆ ಹೇಳುವುದು ಮಾತ್ರ ಉಳಿದಿತ್ತು. ದಿನಾ ಸಂಜೆ "ಮರಿ ಬಂತಾ?" ಎಂದಾಗ "ಹ್ಞೂಂ" ಎನ್ನುತ್ತಿದ್ದಳು. ಊರಿಗೆಲ್ಲ ನಿಜ ಹೇಳಿ ಮನೆಗೆ ಬಂದು ಸುಳ್ಳು ಹೇಳುವುದು ದಿನದಿನಕ್ಕೂ ಕಷ್ಟವಾಯಿತು. ಒಂದು ರಜೆಯ ಮಧ್ಯಾಹ್ನ, ಕಿಟಕಿಯ ಬಿಸಿಲು ಅಕ್ಕನ ಊದಿದ ಪಾದಗಳ ಮೇಲೆ ಬಿದ್ದಿದ್ದಾಗ, ಎದುರಿನ ಮಣೆಯ ಮೇಲೆ ಕೂತಳು.

"ಅಕ್ಕ, ಮರಿ ಇಲ್ಲ."

"ಇವತ್ತು ಬರಲಿಲ್ವಾ? ಬಿಡು, ನಾಳೆ ಬರುತ್ತೆ. ಅದೆಲ್ಲಿ ಹೋಗುತ್ತೆ ತಾಯಿ ಬಿಟ್ಟು?"

"ಯಾವತ್ತೂ ಇರಲಿಲ್ಲ ಅಕ್ಕ. ಅದು ಔಷಧಿ. ಆಸ್ಪತ್ರೇಲಿ ಚೂರನ್ನ ಔಷಧೀಲಿ ಅದ್ದುತ್ತಿದ್ರು, ನಾನು ಅದನ್ನೇ ಕಾಯಿಲೆ ಅಂದ್ಕೊಂಡೆ. ನಿಂದನ್ನ ಮಾತ್ರ ಅದ್ದೋಕೆ ಬಿಡಲಿಲ್ಲ. ಅದಕ್ಕೇ ನಿಂದರಲ್ಲಿ ಕಾಣಲಿಲ್ಲ. ನಿನ್ನ ಮಂಡಿ ಆವತ್ತೇ ಹಾಳಾಗಿತ್ತು. ಡಾಕ್ಟ್ರು ಹೇಳಿದ್ದೇ ಸರಿ. ನಾನೇ ಬೇಡ ಅಂದೆ."

ಅಕ್ಕನ ಸೂಜಿ ಗುಂಡಿಯ ತೂತಿನಲ್ಲಿ ನಿಂತಿತು. ತಂಗಿ ಉಸಿರು ಹಿಡಿದು ಕೂತಳು. ಕೆಳಗೆ ಚಪ್ಪಲಿ ಅಂಗಡಿಯಲ್ಲಿ ಯಾರೋ ಹೊಸ ಚಪ್ಪಲಿ ಮೆಟ್ಟಿ ನೆಲ ಕುಟ್ಟಿ ನೋಡುತ್ತಿದ್ದರು.

"ಆ ಡಾಕ್ಟ್ರಿಗೆ ನಾನೇನಂದೆ ಗೊತ್ತಾ?" ಎಂದಳು ಅಕ್ಕ. "ನಿಮಗಿಂತ ನಮ್ಮ ಪುಟ್ಟಿಗೆ ಜಾಸ್ತಿ ಗೊತ್ತು ಅಂದೆ. ಮುಖಕ್ಕೆ ಹೊಡೆದ ಹಾಗೆ ಅಂದೆ." ನಗಲು ನೋಡಿದಳು. "ಅವರಿಗೆ ಹೇಳಬೇಡ ಇದನ್ನ. ಬಿಡ್ತಾರಾ ಅವರು, ಆಡ್ಕೋತಾರೆ. ಇಲ್ಲೇ ಇರಲಿ, ನಮ್ಮಿಬ್ಬರಲ್ಲೇ."

"ಅವರಿಗೆ ಗೊತ್ತು. ಎಲ್ಲರಿಗೂ ಗೊತ್ತು. ನಾನೇ ಬರೆದು ಹಾಕಿದೀನಿ. ಎಲ್ಲ ವಾಪಸ್ ತಗೊಂಡೆ."

ತನ್ನ ಮಂಡಿಯ ಮಾತು ಬಂದಾಗ ಬಾಡದ ಮುಖ ಈಗ ಬಾಡಿತು. ಅಕ್ಕ ಹೊಲಿಗೆಯನ್ನು ಮಡಿಲಿಗೆ ಬಿಟ್ಟಳು.

"ಎಲ್ಲವನ್ನೂನಾ?"

"ಎಲ್ಲವನ್ನೂ."

"ಯಾಕೇ ಬರೆದೆ ಪುಟ್ಟಿ?" ಅವಳ ದನಿ ಒಡೆದಿತ್ತು. "ನನ್ನ ಕಾಲು ಹೇಗಿದ್ರೂ ಹೋಯ್ತು. ನಿಂದಾದ್ರೂ ಉಳೀತಿತ್ತು. ಒಂದಾದ್ರೂ ಉಳೀತಿತ್ತಲ್ಲೇ."

ನಿಜ ಹೇಳಬೇಕಿತ್ತು ಎಂದು ತಂಗಿ ಅನ್ನಬಹುದಿತ್ತು. ಆದರೆ ಆ ಕಾಲುಗಳ ಮುಂದೆ ಕೂತು ಅದನ್ನು ಹೇಳುವ ಯೋಗ್ಯತೆ ತನಗಿಲ್ಲವೆನಿಸಿತು. ಅಕ್ಕನ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವು ತಣ್ಣಗೆ, ಭಾರವಾಗಿದ್ದವು. ಅಕ್ಕ ಬೇಡವೆನ್ನಲಿಲ್ಲ. ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತ ಹೊಲಿಗೆ ಯಂತ್ರದ ಕಡೆ ನೋಡುತ್ತಾ ಕೂತಳು. ಬಿಸಿಲು ಪಾದದಿಂದ ಜಾರಿ ನೆಲಕ್ಕೆ ಹೋಯಿತು. ಆಮೇಲೆ ಸೂಜಿ ಚಾಚಿ, "ದಾರ ಪೋಣಿಸಿಕೊಡು, ನನಗೆ ಕಾಣ್ತಿಲ್ಲ," ಎಂದಳು. ತಂಗಿಗೂ ಕಾಣುತ್ತಿರಲಿಲ್ಲ. ಬಹಳ ಸಲ ತಪ್ಪಿ, ಕೊನೆಗೆ ಹೇಗೋ ಪೋಣಿಸಿ ಕೊಟ್ಟಳು.

ಮರುದಿನವೂ ಅವಳು ಕೆಲಸಕ್ಕೆ ಹೋದಳು. ಯಂತ್ರದ ಮೇಲೆ ಹೊದಿಕೆ ಹಾಕಿ, ಅದರ ಮುಂದೆ ಕೂತಿದ್ದು, ಹೊತ್ತಾದ ಮೇಲೆ ಮನೆಗೆ ಬಂದಳು. ಬಾಗಿಲು ತೆರೆದು ಉಸಿರು ಹಿಡಿದು ನಿಂತಳು.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ತುಟಿಗಳು ರೂಢಿಯ ಪ್ರಕಾರ ಮರಿ ಎಂಬುದರ ಮೊದಲ ಅಕ್ಷರಕ್ಕೆ ಕೂಡಿಕೊಂಡವು. ಹಾಗೇ ಸ್ವಲ್ಪ ಹೊತ್ತು ನಿಂತವು.

"ಊಟ ಮಾಡ್ತೀಯಾ?" ಎಂದಳು.